ಹಂದಿ ಸತ್ತರೆ ರೋಗದ ಹೆಸರಷ್ಟೇ ಸಾಕೇ?

2013ರಲ್ಲಿ ಕಾಲುಬಾಯಿ ಜ್ವರ ಹಳೇ ಮೈಸೂರು ಭಾಗದ ಕೊಟ್ಟಿಗೆಗಳಿಗೆ ನುಗ್ಗಿ ಸಾವಿರಾರು ದನಗಳನ್ನು ಬಲಿ ತೆಗೆದುಕೊಂಡಿದ್ದನ್ನು ಹಾಸನ ಜಿಲ್ಲೆಯ ಹೈನುಗಾರರು ಮರೆತಿಲ್ಲ. ಅಂದು ಹರಡಿದ್ದು ‘ಓ’ ಮಾದರಿಯ ವೈರಸ್. ಅದಕ್ಕೂ 16 ವರ್ಷ ಮೊದಲು, 1997ರ ಮಾರ್ಚ್‌ನಲ್ಲಿ ತೈವಾನ್‌ನಲ್ಲಿ ಕಾಣಿಸಿಕೊಂಡದ್ದೂ ಕಾಲುಬಾಯಿ ಜ್ವರವೇ, ಮಾದರಿಯೂ ‘ಓ’. ಆದರೆ ಅಲ್ಲಿ ರೋಗ ಬಿದ್ದದ್ದು ಹಂದಿಗಳಿಗೆ. ಪಕ್ಕದ ದನಗಳಿಗೆ ಅದು ತಟ್ಟಲೇ ಇಲ್ಲ. ರೋಗ ಹತೋಟಿಗೆ ಬರುವಷ್ಟರಲ್ಲಿ ಸುಮಾರು 40 ಲಕ್ಷ ಹಂದಿಗಳು ಹೋಗಿದ್ದವು.

ಆ ವೈರಸ್ಸಿನ ವಂಶವಾಹಿಯನ್ನು ಬಿಡಿಸಿ ನೋಡಿದಾಗ ಗುಟ್ಟು ಸಿಕ್ಕಿತು. ‘3ಎ’ ಎಂಬ ಪ್ರೋಟೀನಿನಲ್ಲಿ ಹತ್ತು ಅಮೈನೋ ಆಮ್ಲಗಳಷ್ಟು ಭಾಗ ಕಾಣೆಯಾಗಿತ್ತು. ಅಷ್ಟು ಕಳೆದುಕೊಂಡ ವೈರಸ್ ದನದ ಮೈಯಲ್ಲಿ ಬೆಳೆಯಲಾರದೆ ಸೊರಗಿತು, ಹಂದಿಯ ಮೈಯಲ್ಲಿ ಮಾತ್ರ ಹುಲುಸಾಗಿ ಬೆಳೆಯಿತು. ಎರಡು ಕಡೆಯೂ ರೋಗಕ್ಕೆ ಒಂದೇ ಹೆಸರು, ಆದರೆ ಹಂದಿಗಳ ನಡುವೆಯೇ ಓಡಾಡಿದ ವೈರಸ್ ತನ್ನ ಆಶ್ರಯದಾತನಿಗೆ ತಕ್ಕಂತೆ ಬೇರೆಯೇ ಆಗಿಬಿಟ್ಟಿತ್ತು.

ನಮ್ಮ ಪಶು ಆರೋಗ್ಯ ವ್ಯವಸ್ಥೆ ಗಂಭೀರವಾಗಿ ತೆಗೆದುಕೊಳ್ಳಬೇಕಾದ ಸಂಗತಿ ಇದು. ಹಂದಿ ಸತ್ತರೆ ಕಾಯಿಲೆಯ ಹೆಸರು ಬರೆದು ಕಡತ ಮುಚ್ಚುವುದು ಇನ್ನು ಸಾಲದು. ಯಾವ ತಳಿಯ ವೈರಸ್, ಎಲ್ಲಿಂದ ಬಂದದ್ದು, ಹಿಂದಿನದಕ್ಕಿಂತ ಎಷ್ಟು ಬದಲಾಗಿದೆ ಎಂಬುದನ್ನು ತಾಲ್ಲೂಕು ಮಟ್ಟದಿಂದಲೇ ದಾಖಲಿಸುತ್ತಾ ಹೋಗಬೇಕು.

ಹಾಸನ ಜಿಲ್ಲೆಯಿಂದಲೇ ಇದನ್ನು ಆರಂಭಿಸಲು ಕಾರಣಗಳಿವೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ಹೇಮಾವತಿ ನೀರು ಕಂಡ ತಾಲ್ಲೂಕುಗಳು. ಇಲ್ಲಿ ನಾಲೆ, ಗದ್ದೆ, ದನದ ಕೊಟ್ಟಿಗೆ, ಹಂದಿಗೂಡು ಒಂದಕ್ಕೊಂದು ದೂರವಿಲ್ಲ. ಅರಕಲಗೂಡಿನ ಗಡಿ ದಾಟಿದರೆ ಕೊಡಗು. ಹಂದಿ ಮಾಂಸಕ್ಕೆ ಅಲ್ಲಿರುವಷ್ಟು ಬೇಡಿಕೆ ರಾಜ್ಯದಲ್ಲಿ ಬೇರೆಡೆ ಅಪರೂಪ. ಜೋಳದ ಹೊಲಕ್ಕೆ ನುಗ್ಗುವ ಕಾಡುಹಂದಿಗಳ ಕಾಟವಂತೂ ರೈತರ ನಿತ್ಯದ ಗೋಳು. ಊರಂಚಿನಲ್ಲಿ ಹೋಟೆಲು, ಹಾಸ್ಟೆಲು, ಛತ್ರಗಳ ಮುಸುರೆ ತಂದು ನಾಲ್ಕಾರು ಹಂದಿ ಸಾಕುವ ಬಡ ಕುಟುಂಬಗಳೂ ಇವೆ, ಯಾರ್ಕ್‌ಶೈರ್ ತಳಿ ಕಟ್ಟಿ ವ್ಯಾಪಾರಕ್ಕೆಂದೇ ಶೆಡ್ ಹಾಕಿದವರೂ ಇದ್ದಾರೆ. ಜಿಲ್ಲಾ ಕೇಂದ್ರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಪಶುವೈದ್ಯಕೀಯ ಕಾಲೇಜಿದೆ. ರೋಗಗಳ ಹರಡುವಿಕೆಯನ್ನೇ ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆ ‘ನಿವೇದಿ’ ಬೆಂಗಳೂರಿನ ಯಲಹಂಕದಲ್ಲಿದೆ. ಬೇಕಾದ ಸಂಸ್ಥೆಗಳೆಲ್ಲ ಕೈಗೆಟಕುವ ದೂರದಲ್ಲೇ ಇವೆ.

ವೈರಸ್ ಬದಲಾಗುವುದು ಹೇಗೆ? ಆರ್‌ಎನ್‌ಎ ವೈರಸ್‌ಗಳು ತಮ್ಮ ಪ್ರತಿ ತೆಗೆಯುವಾಗ ತಪ್ಪುಗಳನ್ನು ತಿದ್ದಿಕೊಳ್ಳುವುದಿಲ್ಲ, ಕರಡು ತಿದ್ದುವವರೇ ಇಲ್ಲದ ಅಚ್ಚುಕೂಟದ ಹಾಗೆ. (ಕೊರೊನಾ ವೈರಸ್‌ಗಳಂಥ ಕೆಲವು ಇದಕ್ಕೆ ಅಪವಾದ.) ಬಹುಪಾಲು ತಪ್ಪುಗಳು ವೈರಸ್ಸಿಗೇ ಮುಳುವಾಗುತ್ತವೆ. ಎಲ್ಲೋ ಒಂದು ತಪ್ಪು ಹೊಸ ಜೀವಕೋಶದ ಬಾಗಿಲು ತೆರೆಯುತ್ತದೆ, ಆ ತಳಿ ಉಳಿದು ಬೆಳೆಯುತ್ತದೆ. ಫ್ಲೂ ವೈರಸ್ಸಿನದು ಇನ್ನೊಂದು ದಾರಿ. ಹಕ್ಕಿಯ ಫ್ಲೂ ಮತ್ತು ಮನುಷ್ಯನ ಫ್ಲೂ ಎರಡಕ್ಕೂ ಅಂಟಿಕೊಳ್ಳಲು ಬೇಕಾದ ಗ್ರಾಹಕಗಳು ಹಂದಿಯ ಉಸಿರಾಟದ ನಾಳದಲ್ಲಿವೆ. ಎರಡು ತಳಿಗಳು ಒಂದೇ ಹಂದಿಯಲ್ಲಿ ಸೇರಿದರೆ ವಂಶವಾಹಿ ತುಣುಕುಗಳು ಅದಲುಬದಲಾಗಬಹುದು. 2009ರಲ್ಲಿ ಜಗತ್ತನ್ನು ಸುತ್ತಿದ ಎಚ್1ಎನ್1 ವೈರಸ್ಸಿನಲ್ಲಿ ಉತ್ತರ ಅಮೆರಿಕದ ಮತ್ತು ಯುರೋಪ್-ಏಷ್ಯಾದ ಹಂದಿ ಫ್ಲೂಗಳ ತುಣುಕುಗಳು ಕೂಡಿಕೊಂಡಿದ್ದವು.

ಬದಲಾವಣೆಯೆಲ್ಲ ಕೇಡಿಗೇ ಎಂದೇನಲ್ಲ. ಮರಿಗಳಿಗೆ ಭೇದಿ ಹತ್ತಿಸಿ ಕೊಲ್ಲುತ್ತಿದ್ದ ಒಂದು ಕೊರೊನಾ ವೈರಸ್ ತನ್ನ ಮುಳ್ಳಿನ ಪ್ರೋಟೀನಿನ ಒಂದು ಭಾಗ ಕಳೆದುಕೊಂಡು ಕರುಳು ಬಿಟ್ಟು ಶ್ವಾಸಕೋಶ ಸೇರಿದ್ದು 1984ರಲ್ಲಿ ಬೆಲ್ಜಿಯಂನಲ್ಲಿ ಪತ್ತೆಯಾಯಿತು. ಆ ಹೊಸ ರೂಪ ಸೌಮ್ಯವಾಗಿತ್ತು. ಅದು ತಗುಲಿದ ಹಂದಿಗಳಿಗೆ ಹಳೆಯ ಮಾರಿಯ ವಿರುದ್ಧವೂ ಒಂದಿಷ್ಟು ರಕ್ಷಣೆ ಸಿಕ್ಕಿತು, ಯುರೋಪಿನಲ್ಲಿ ಆ ಭೇದಿ ರೋಗವೇ ಇಳಿಮುಖವಾಯಿತು.

ಇದೇ ತತ್ವವನ್ನು ಮನುಷ್ಯ ಬೇಕೆಂದೇ ಬಳಸಿದ್ದೂ ಉಂಟು. ಹಂದಿಗಳ ಸಾಂಪ್ರದಾಯಿಕ ಮಾರಿ ಎಂದರೆ ಕ್ಲಾಸಿಕಲ್ ಸ್ವೈನ್ ಫೀವರ್. ಅದರ ವೈರಸ್ಸನ್ನು ಮೊಲದಿಂದ ಮೊಲಕ್ಕೆ ನೂರಾರು ಬಾರಿ ದಾಟಿಸಿದರೆ ಅದು ಮೊಲಕ್ಕೆ ಒಗ್ಗಿಕೊಂಡು ಹಂದಿಯನ್ನು ಕೊಲ್ಲುವ ಶಕ್ತಿ ಕಳೆದುಕೊಳ್ಳುತ್ತದೆ. ಪ್ರಸಿದ್ಧ ‘ಸಿ’ ತಳಿಯ ಲಸಿಕೆ 1950ರ ದಶಕದಲ್ಲಿ ಚೀನಾದಲ್ಲಿ ಹುಟ್ಟಿದ್ದು ಹೀಗೆ. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶು ಜೈವಿಕ ಸಂಸ್ಥೆಯೂ ಮೊಲದ ಗುಲ್ಮದಿಂದ ಇಂಥ ಲಸಿಕೆ ತಯಾರಿಸುತ್ತಾ ಬಂದಿತು. ಜೀವಕೋಶಗಳಲ್ಲೇ ಬೆಳೆಸುವ ದೇಶಿ ಲಸಿಕೆಯನ್ನು ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಈಚೆಗೆ ರೂಪಿಸಿದೆ.

ಇತ್ತ ದೇಶದಲ್ಲಿ ಈ ಮಾರಿಯ ವೈರಸ್ಸೂ ಬದಲಾಗುತ್ತಿದೆ. ಒಂದು ಕಾಲಕ್ಕೆ 1.1 ಎಂಬ ಗುಂಪಿನದೇ ದರ್ಬಾರು, ಆಮೇಲೆ 2.2, 2.1 ಗುಂಪುಗಳೂ ತಲೆಯೆತ್ತಿವೆ. ಹಳೆಯ ಲಸಿಕೆ ಇವುಗಳಿಗೂ ನಡೆಯುತ್ತದೆ ಎಂಬುದು ಸಮಾಧಾನದ ಸಂಗತಿ. ಆದರೆ ಲಸಿಕೆ ಹಾಕಿಸಿದ ಗೂಡಿನಲ್ಲೇ ಹಂದಿ ಸತ್ತಾಗ ದೂರು ಯಾರ ಮೇಲೆ? ಲಸಿಕೆ ಐಸ್ ಪೆಟ್ಟಿಗೆಯಿಂದ ಹೊರಗುಳಿದು ಕೆಟ್ಟಿತೇ, ಹೊಸ ತಳಿ ಬಂತೇ, ಇಲ್ಲ ಅದು ಬೇರೆ ರೋಗವೇ? ಇದಕ್ಕೆ ಉತ್ತರ ವಂಶವಾಹಿ ಓದಿದರೆ ಮಾತ್ರ ಸಿಕ್ಕೀತು.

ಶವಪರೀಕ್ಷೆಯ ಜಾಗದಲ್ಲಿ ನಿಂತು ನೋಡಿದರೆ ಕಷ್ಟ ಇನ್ನಷ್ಟು ತಿಳಿಯುತ್ತದೆ. ಕಿವಿ, ಹೊಟ್ಟೆಯ ಚರ್ಮ ನೇರಳೆಗೆ ತಿರುಗಿದೆ. ಹೊಟ್ಟೆ ಸೀಳಿದರೆ ಗುಲ್ಮ ಊದಿ ಕಪ್ಪಾಗಿದೆ, ಮೂತ್ರಪಿಂಡದ ಮೇಲೆ ರಕ್ತದ ಚುಕ್ಕಿಗಳಿವೆ. ಸಾಂಪ್ರದಾಯಿಕ ಮಾರಿಯೋ ಆಫ್ರಿಕನ್ ಹಂದಿ ಜ್ವರವೋ ಎಂದು ಎಷ್ಟೇ ಅನುಭವಿ ವೈದ್ಯರೂ ಕಣ್ಣಳತೆಯಲ್ಲಿ ಹೇಳಲಾರರು. ಗುಲ್ಮ, ಟಾನ್ಸಿಲ್, ದುಗ್ಧಗ್ರಂಥಿಯ ಚೂರುಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಬೇಗ ಪ್ರಯೋಗಾಲಯ ಮುಟ್ಟಿಸಬೇಕು. ಫಾರ್ಮಲಿನ್‌ನಲ್ಲಿ ಅದ್ದಿಟ್ಟರೆ ವಂಶವಾಹಿ ಓದುವ ಕೆಲಸ ಕೆಡುತ್ತದೆ. ಹೀಗಿದ್ದೂ ಹೋಬಳಿ ಪಶು ಆಸ್ಪತ್ರೆಗೆ ಐಸ್ ಪೆಟ್ಟಿಗೆ, ವಾಹನ ಒದಗಿಸುವ ವಿಷಯ ಬಜೆಟ್ ಚರ್ಚೆಯಲ್ಲಿ ಕೇಳಿಬರುವುದು ಕಡಿಮೆ.

ಆಫ್ರಿಕನ್ ಹಂದಿ ಜ್ವರ ಈಗ ದೂರದ ಸುದ್ದಿಯಲ್ಲ. 2007ರಲ್ಲಿ ಜಾರ್ಜಿಯಾ, 2018ರಲ್ಲಿ ಚೀನಾ, 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲ ಪ್ರದೇಶ, 2022ರ ಜುಲೈನಲ್ಲಿ ವಯನಾಡು. 2023ರ ಆರಂಭದಲ್ಲಿ ಬಂಡೀಪುರಕ್ಕೆ ಅಂಟಿಕೊಂಡ ಮುದುಮಲೆಯ ಕಾಡುಹಂದಿಗಳಲ್ಲಿ ಕಾಣಿಸಿತು, 2025ರ ಆಗಸ್ಟ್‌ನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯನ್ನು ಮುಟ್ಟಿತು. ಇದು ಡಿಎನ್‌ಎ ವೈರಸ್, ಬದಲಾವಣೆ ನಿಧಾನ. ಆದರೂ ಒಂದನೇ ಮತ್ತು ಎರಡನೇ ಜೀನೋಟೈಪ್‌ಗಳು (ವಂಶವಾಹಿ ಗುಂಪುಗಳು) ಬೆರೆತು ಹುಟ್ಟಿದ ಮಿಶ್ರತಳಿಯನ್ನು ಚೀನಾದ ವಿಜ್ಞಾನಿಗಳು 2023ರಲ್ಲಿ ವರದಿ ಮಾಡಿದರು. ಎರಡನೇ ಜೀನೋಟೈಪ್‌ನಿಂದ ತಯಾರಿಸಿದ ಸಜೀವ ಲಸಿಕೆ ಅದರೆದುರು ಪ್ರಯೋಗದಲ್ಲೇ ಸೋತಿತು. ಮನುಷ್ಯರಿಗೆ ಈ ರೋಗ ಬರುವುದಿಲ್ಲ. ಆದರೆ ಹಂದಿಯನ್ನೇ ನಂಬಿದ ಮನೆ ಮುಳುಗಲು ಅದೊಂದೇ ಸಾಕು.

ಮೆದುಳು ಜ್ವರದ ಲೆಕ್ಕ ಬೇರೆ. ಜಪಾನೀಸ್ ಎನ್ಸೆಫಲೈಟಿಸ್ ವೈರಸ್ ಹಂದಿಯ ರಕ್ತದಲ್ಲಿ ಸದ್ದಿಲ್ಲದೆ ಹೆಚ್ಚುತ್ತದೆ; ಗದ್ದೆ ನೀರಿನ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಮಕ್ಕಳಿಗೆ ಮುಟ್ಟಿಸುತ್ತದೆ. ಕೋಲಾರದ ರೋಗಿಯೊಬ್ಬರಲ್ಲಿ ಸಿಕ್ಕ ತಳಿಯಿಂದಲೇ ದೇಶಿ ಲಸಿಕೆ ‘ಜೆನ್ವ್ಯಾಕ್’ ತಯಾರಾಗಿ 2013ರಲ್ಲಿ ಬಳಕೆಗೆ ಬಂತು. ಭಾರತದಲ್ಲಿ ಬಹುಕಾಲ ಮೂರನೇ ಜೀನೋಟೈಪ್ ಮಾತ್ರ ಇತ್ತು; 2009ರಲ್ಲಿ ಗೋರಖಪುರದಲ್ಲಿ ಒಂದನೆಯದೂ ಪತ್ತೆಯಾಯಿತು. ಹೇಮಾವತಿ ಬಯಲಿನ ಹಂದಿಗಳ ರಕ್ತವನ್ನು ಪ್ರತಿ ಮಳೆಗಾಲದಲ್ಲಿ ಪರೀಕ್ಷಿಸಿದರೆ ಮಕ್ಕಳು ಹಾಸಿಗೆ ಹಿಡಿಯುವ ಮುಂಚೆಯೇ ಎಚ್ಚರಿಕೆ ಸಿಗುತ್ತದೆ. ಆರೋಗ್ಯ ಇಲಾಖೆಯೂ ಪಶುಪಾಲನಾ ಇಲಾಖೆಯೂ ಒಟ್ಟಿಗೆ ಮಾಡಬೇಕಾದ ಕೆಲಸವಿದು.

ಇಷ್ಟೆಲ್ಲ ನಡೆಯಬೇಕಾದರೆ ಹಂದಿ ಸಾಕುವವರು ಬಾಯಿಬಿಡಬೇಕು. ಕೊರಮರು, ಹಂದಿಜೋಗಿಗಳಂಥ ಸಮುದಾಯಗಳು ತಲೆಮಾರುಗಳಿಂದ ಈ ಕಸುಬು ಮಾಡಿಕೊಂಡು ಬಂದಿವೆ, ಊರು ಮಾತ್ರ ಅವರನ್ನು ಅಂಚಿನಲ್ಲೇ ಇಟ್ಟಿದೆ. ಆಫ್ರಿಕನ್ ಹಂದಿ ಜ್ವರ ದೃಢಪಟ್ಟರೆ ಒಂದು ಕಿ.ಮೀ. ಸುತ್ತಲಿನ ಹಂದಿಗಳನ್ನೆಲ್ಲ ಕೊಲ್ಲಬೇಕೆಂಬುದು ನಿಯಮ. ಪರಿಹಾರ ಕೈಸೇರುವ ಭರವಸೆಯಿಲ್ಲದವರು ಉಳಿದ ಹಂದಿಗಳನ್ನು ರಾತ್ರೋರಾತ್ರಿ ಮಾರಿಬಿಡುತ್ತಾರೆ, ರೋಗವೂ ಅವುಗಳ ಜೊತೆಗೇ ಹೊರಡುತ್ತದೆ. ಆದ್ದರಿಂದ ಪರಿಹಾರವನ್ನು ವಾರದೊಳಗೆ ಕೊಡಬೇಕು, ರೋಗದಿಂದ ಸತ್ತು ಮೊದಲು ವರದಿಯಾದ ಹಂದಿಗೂ ಕೊಡಬೇಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾಲುಬಾಯಿ ಲಸಿಕೆ ಕಾರ್ಯಕ್ರಮದಲ್ಲಿ ಹಂದಿಗಳ ಹೆಸರೂ ಇದೆ. ಲಸಿಕೆ ತಂಡ ಹಾಲಿನ ಡೇರಿಯ ಬಾಗಿಲಲ್ಲಿ ನಿಂತು ಹಿಂತಿರುಗದೆ ಹಂದಿಗೂಡಿನವರೆಗೂ ಹೋಗಬೇಕು.

ಹೋಟೆಲು, ಛತ್ರ ನಡೆಸುವವರು ಮುಸುರೆ ಕೊಡುವಾಗ ಅದನ್ನು ಚೆನ್ನಾಗಿ ಕುದಿಸಿಯೇ ಹಂದಿಗೆ ಹಾಕುವಂತೆ ಹೇಳಲಿ. ಹಂದಿ ಮಾಂಸದ ಚೂರು ಅದರಲ್ಲಿ ಸೇರದಂತೆ ನೋಡಿಕೊಳ್ಳಲಿ. ಹಂದಿಗಳು ಸಾಲಾಗಿ ಸತ್ತರೆ ಅವನ್ನು ನಾಲೆಗೋ ಕೆರೆ ಏರಿಯ ಹಿಂದಕ್ಕೋ ಎಸೆಯಬೇಡಿ. ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ, ವೈದ್ಯರು ಬಂದು ಮಾದರಿ ತೆಗೆಯುವವರೆಗೆ ಗೂಡಿನಿಂದ ಒಂದು ಮರಿಯನ್ನೂ ಹೊರಗೆ ಸಾಗಿಸಬೇಡಿ.