ಸಂಬಳದ ವಕೀಲ ಹೊರಗಿನವನೆ?

ಊರು ಬಿಟ್ಟವನು ಕನ್ನಡಿಗನಲ್ಲವೆಂದು ಯಾರಾದರೂ ತೀರ್ಪಿತ್ತರೆ ಹೈದರಾಬಾದಿನ ಕನ್ನಡಿಗರಾದ ನಾವು ಒಪ್ಪುವೆವೆ? ೧೯೫೬ರ ನವೆಂಬರ್ ೧ರವರೆಗೆ ಕಲಬುರ್ಗಿ, ರಾಯಚೂರು, ಬೀದರ್ ಜಿಲ್ಲೆಗಳು ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಮೂಸಿ ನದಿಯ ದಂಡೆಯ ಹೈಕೋರ್ಟಿಗೆ ವ್ಯಾಜ್ಯದ ಕಟ್ಟು ಹೊತ್ತು ಬಂದವರೂ, ವಕಾಲತ್ತು ವಹಿಸಲು ಬಂದವರೂ ನಮ್ಮ ಹಿಂದಿನ ತಲೆಮಾರುಗಳಲ್ಲಿದ್ದರು. ನೆಲೆ ಬದಲಾದ ಮಾತ್ರಕ್ಕೆ ಕುಲ ಬದಲಾಗದೆಂಬುದು ನಮ್ಮ ಬಾಳಿನ ಮೊದಲ ಪಾಠ. ಈ ದೇಶದ ವಕೀಲಿ ವೃತ್ತಿ ಮಾತ್ರ ಈ ಪಾಠವನ್ನು ಕಲಿತಿಲ್ಲ. ನ್ಯಾಯಾಲಯದ ಅಂಗಳ ಬಿಟ್ಟು ಕಂಪನಿಯ ಕಾನೂನು ವಿಭಾಗ ಸೇರಿದ ತನ್ನ ಮಕ್ಕಳನ್ನು ಅದು ವಕೀಲರೇ ಅಲ್ಲವೆನ್ನುತ್ತದೆ.

ಇದು ಯಾರದೋ ಮನೆಯ ಜಗಳವಲ್ಲ. ೧೯೯೮ರಲ್ಲಿ ಈ ನಗರಕ್ಕೆ ಸೈಬರ್ ಟವರ್ಸ್ ಬಂದಿತು; ಅದೇ ವರ್ಷ ನಲ್ಸಾರ್ ಕಾನೂನು ವಿಶ್ವವಿದ್ಯಾಲಯವೂ ಹುಟ್ಟಿತು. ಅಂದಿನಿಂದ ಔಷಧ, ಗಣಕ, ಹಣಕಾಸು ಕಂಪನಿಗಳ ಕಾನೂನು ವಿಭಾಗಗಳು ಇಲ್ಲಿ ಬೆಳೆಯುತ್ತಲೇ ಇವೆ. ಕಾನೂನು ಓದಿದ ನಮ್ಮ ಮನೆಗಳ ಹುಡುಗ ಹುಡುಗಿಯರಲ್ಲಿ ಅನೇಕರು ಸೇರುತ್ತಿರುವುದು ಅಲ್ಲಿಗೆ. ಅಂಥ ಒಂದು ವಿಭಾಗದಲ್ಲಿ ಬಹುಕಾಲ ದುಡಿದವನಾಗಿ ನಾನು ಈ ಮಾತನ್ನು ಎತ್ತುತ್ತಿದ್ದೇನೆ.

ಈಚಿನ ದಿನಗಳಲ್ಲಿ ವಕೀಲಿ ಸಂಸ್ಥೆಗಳೂ ಕಂಪನಿಗಳ ಕಾನೂನು ವಿಭಾಗಗಳೂ ಕೂಡಿದಲ್ಲೆಲ್ಲ ಎರಡು ಮಂತ್ರಗಳು ಕೇಳಿಬರುತ್ತವೆ: ಸಹಯೋಗ ಮತ್ತು ನಾವೀನ್ಯ. ಗಂಟೆಯ ಲೆಕ್ಕದ ಶುಲ್ಕದ ಬದಲು ಮೊದಲೇ ಗೊತ್ತುಮಾಡಿದ ಶುಲ್ಕ. ಇಬ್ಬರೂ ಬಳಸುವ ಒಂದೇ ಕರಾರು ಮಾದರಿ. ಕಾಗದಪತ್ರ ತಾಳೆನೋಡುವ ಯಂತ್ರಬುದ್ಧಿ. ಸಂಸ್ಥೆಯ ಕಿರಿಯ ವಕೀಲನನ್ನು ಕೆಲವು ತಿಂಗಳು ಕಂಪನಿಯ ಮೇಜಿಗೆ ಎರವಲು ಕೊಡುವ ಏರ್ಪಾಡು. ಇವು ಒಳ್ಳೆಯವೇ. ಆದರೆ ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳಲ್ಲಿ ಒಂದರ ಕಾಲಿಗೆ ಹಗ್ಗ ಬಿಗಿದಿದ್ದರೆ, ನೇಗಿಲು ಎಷ್ಟು ಹೊಸದಾಗಿದ್ದರೇನು? ಸಾಲು ಸೊಟ್ಟಗಾಗುವುದು ತಪ್ಪದು.

ಆ ಹಗ್ಗ ಯಾವುದು? ೧೯೬೧ರ ವಕೀಲರ ಕಾಯಿದೆಯಡಿ ಭಾರತೀಯ ವಕೀಲರ ಪರಿಷತ್ತು ರಚಿಸಿದ ನಡವಳಿಕೆಯ ನಿಯಮಗಳಲ್ಲಿ ೪೯ನೆಯದು, ವೃತ್ತಿ ನಡೆಸುವ ವಕೀಲನು ಪೂರ್ಣಾವಧಿಯ ಸಂಬಳದ ನೌಕರನಾಗಿರಕೂಡದೆನ್ನುತ್ತದೆ. ನೌಕರಿ ಸೇರಿದೊಡನೆ ಅವನ ಸನ್ನದು ಪೆಟ್ಟಿಗೆಯ ತಳ ಸೇರುತ್ತದೆ. ೨೦೦೧ರಲ್ಲಿ ಹಿಮಾಚಲ ಪ್ರದೇಶದ ವಿದ್ಯುತ್ ಮಂಡಲಿಯ ಕಾನೂನು ಅಧಿಕಾರಿಯೊಬ್ಬರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿಯಮವನ್ನು ಎತ್ತಿಹಿಡಿಯಿತು. ೨೦೨೫ರ ಅಕ್ಟೋಬರ್ ೩೧ರಂದು ಗಂಟು ಇನ್ನಷ್ಟು ಬಿಗಿಯಾಯಿತು. ತನಿಖಾ ಸಂಸ್ಥೆಗಳು ವಕೀಲರಿಗೇ ಸಮನ್ಸು ಕಳುಹಿಸುತ್ತಿದ್ದುದನ್ನು ತಾನಾಗಿ ವಿಚಾರಣೆಗೆ ಎತ್ತಿಕೊಂಡ ಅದೇ ನ್ಯಾಯಾಲಯ, ವಕೀಲ ಮತ್ತು ಕಕ್ಷಿದಾರರ ನಡುವಣ ಗೌಪ್ಯವನ್ನು ಗಟ್ಟಿಯಾಗಿ ಕಾಯ್ದಿತು. ಆದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ೧೩೨ನೆಯ ಕಲಮಿನ ಆ ರಕ್ಷಣೆ ಕಂಪನಿಯ ಸಂಬಳದ ವಕೀಲನಿಗೆ ಸಲ್ಲದೆಂದಿತು. ಅವನು ಕಂಪನಿಯ ಪರವಾಗಿ ಹೊರಗಿನ ವಕೀಲನಿಗೆ ಬರೆದ ಓಲೆಗೆ ೧೩೪ನೆಯ ಕಲಮಿನ ಆಸರೆಯುಂಟು; ತನ್ನ ಕಂಪನಿಗೇ ಬರೆದ ಓಲೆಗೆ ಅದಿಲ್ಲ.

ಫಲವೇನಾಗುತ್ತದೆಂದು ಬಲ್ಲವರು ಬಲ್ಲರು. ವಿಷಯದ ಆಳ ತಿಳಿದವನು ಬಾಯಲ್ಲಿ ಹೇಳುತ್ತಾನೆ, ಕಾಗದದಲ್ಲಿ ಬರೆಯಲು ಅಂಜುತ್ತಾನೆ. ಬರೆಯಲೇಬೇಕಾದಾಗ ಅವನೇ ಸಿದ್ಧಪಡಿಸಿದ ಅಭಿಪ್ರಾಯ ಹೊರಗಿನ ಸಂಸ್ಥೆಗೆ ಹೋಗಿ, ಅದರ ತಲೆಬರಹ ಹೊತ್ತು, ಬಿಲ್ಲಿನ ಸಮೇತ ಮರಳುತ್ತದೆ. ಇದನ್ನು ಸಹಯೋಗವೆನ್ನುವುದಕ್ಕಿಂತ ಮುದ್ರೆಯ ವ್ಯಾಪಾರವೆನ್ನುವುದು ಲೇಸು. ಎರವಲು ಬಂದ ಕಿರಿಯ ವಕೀಲ ಪಕ್ಕದ ಕುರ್ಚಿಯಲ್ಲಿ ಕುಳಿತು ಬರೆದ ಸಲಹೆಗೆ ವಕೀಲಿಯ ಮರ್ಯಾದೆ. ಅವನಿಗೆ ಕೆಲಸ ಹೇಳಿಕೊಟ್ಟ ಹಿರಿಯಳ ಸಲಹೆ ಬರಿಯ ಕಚೇರಿ ಕಡತ. ಆ ಕಿರಿಯನೂ ತಿಂಗಳು ತಿಂಗಳಿಗೆ ಹಣ ಪಡೆಯುವವನೇ. ಸಂಸ್ಥೆಯಲ್ಲಿ ಅದಕ್ಕೆ 'ರಿಟೇನರ್' ಎಂಬ ಹೆಸರು, ಕಂಪನಿಯಲ್ಲಿ 'ಸಂಬಳ' ಎಂಬ ಹೆಸರು. ಹೆಸರಿನ ಅಂತರ ಮನುಷ್ಯನ ಪ್ರಾಮಾಣಿಕತೆಯನ್ನು ಅಳೆಯಬಲ್ಲುದೆ?

ಅನ್ನ ಕೊಟ್ಟ ಒಡೆಯನಿಗೆ ನೌಕರನು ನಿರ್ಭಯವಾಗಿ ಸಲಹೆ ಹೇಳಲಾರನೆಂಬುದು ಎದುರು ಪಕ್ಷದ ವಾದ. ೨೦೧೦ರಲ್ಲಿ ಅಕ್ಜೊ ನೊಬೆಲ್ ಮೊಕದ್ದಮೆಯಲ್ಲಿ ಯುರೋಪಿನ ನ್ಯಾಯಾಲಯವೂ ಇದನ್ನೇ ಹೇಳಿತು. ಈ ವಾದ ಹಗುರವಾದುದಲ್ಲ. ಆದರೆ ವರಮಾನದ ಬಹುಪಾಲನ್ನು ಒಂದೇ ಕಂಪನಿಯಿಂದ ಪಡೆಯುವ ಹೊರಗಿನ ಸಂಸ್ಥೆ ಆ ಕಂಪನಿಗೆ ಎಷ್ಟು ನಿರ್ಭಯವಾಗಿ ಬುದ್ಧಿ ಹೇಳೀತು? ಸರ್ಕಾರದ ಸಂಬಳ ಪಡೆದು ನ್ಯಾಯಾಲಯದಲ್ಲಿ ವಾದಿಸುವ ಅಭಿಯೋಜಕರು ವಕೀಲರೇ ಎಂದು ೨೦೧೩ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವೇ ಹೇಳಿರುವಾಗ, ದೋಷ ಸಂಬಳದ್ದೆನ್ನುವುದು ಹೇಗೆ? ಅಮೆರಿಕದಲ್ಲಿ ಕಂಪನಿಯ ಒಳಗಿನ ವಕೀಲನ ಸಲಹೆಗೂ ಗೌಪ್ಯದ ರಕ್ಷಣೆಯಿದೆ. ೧೯೮೧ರ ಅಪ್‌ಜಾನ್ ತೀರ್ಪು ಅದಕ್ಕೆ ಆಧಾರ. ಆ ದೇಶದ ಮಾರುಕಟ್ಟೆಗಾಗಿ ಪೇಟೆಂಟ್ ಹೋರಾಟ ನಡೆಸುವ ನಮ್ಮೂರಿನ ಔಷಧ ಕಂಪನಿಗಳು ಈ ಎರಡು ಲೋಕಗಳ ನಡುವೆ ದಿನವೂ ಓಡಾಡುತ್ತಿವೆ.

ವಿದೇಶದ ಮಾದರಿ ಬೇಡವೆಂದರೆ ಮನೆಯಲ್ಲೇ ಇದೆ. ೧೯೪೯ರ ಲೆಕ್ಕಪರಿಶೋಧಕರ ಕಾಯಿದೆಯನ್ನು ತೆರೆದು ನೋಡಿ. ಅದರ ಮೊದಲ ಅನುಸೂಚಿಯ ಎರಡನೆಯ ಭಾಗ ನೌಕರಿಯಲ್ಲಿರುವ ಸದಸ್ಯರ ದುರ್ವರ್ತನೆಗೆಂದೇ ಮೀಸಲು. ೧೯೮೦ರ ಕಂಪನಿ ಕಾರ್ಯದರ್ಶಿಗಳ ಕಾಯಿದೆಯಲ್ಲೂ ಹಾಗೆಯೇ. ನೌಕರಿ ಹಿಡಿದ ಲೆಕ್ಕಿಗನನ್ನು ಅವನ ವೃತ್ತಿ ಹೊರದಬ್ಬಲಿಲ್ಲ. ತನ್ನ ಶಿಸ್ತಿನ ಕಣ್ಣಳತೆಯಲ್ಲಿ ಇಟ್ಟುಕೊಂಡಿತು. ವಕೀಲರಿಗೆ ಮಾತ್ರ ಈ ವಿವೇಕ ಏಕಿಲ್ಲ? ಹೊರದಬ್ಬಿದವನಿಗೆ ಹಕ್ಕೂ ಇಲ್ಲ, ಅವನ ಮೇಲೆ ಹಿಡಿತವೂ ಇಲ್ಲ.

ಇದರ ಬೆಲೆ ಏನೆಂದು ಹೈದರಾಬಾದಿಗೆ ಹೇಳಿಕೊಡಬೇಕಾಗಿಲ್ಲ. ೨೦೦೯ರ ಜನವರಿ ೭ರಂದು ಸತ್ಯಂ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರ, ಪುಸ್ತಕದಲ್ಲಿ ತೋರಿಸಿದ್ದ ೫,೩೬೧ ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ ೫,೦೪೦ ಕೋಟಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡಿತು. ತರುವಾಯ ಬಂದ ೨೦೧೩ರ ಕಂಪನಿ ಕಾಯಿದೆ, ವಂಚನೆ ಕಂಡರೆ ವರದಿಮಾಡುವ ಹೊಣೆಯನ್ನು ಲೆಕ್ಕಪರಿಶೋಧಕನಿಗೆ ಹೊರಿಸಿತು. ಕಂಪನಿ ಕಾರ್ಯದರ್ಶಿಯನ್ನು ಪ್ರಮುಖ ಆಡಳಿತಗಾರರ ಸಾಲಿನಲ್ಲಿ ಹೆಸರಿಸಿತು. ಕಾನೂನು ವಿಭಾಗದ ಮುಖ್ಯಸ್ಥನ ಹೆಸರನ್ನು ಆ ಸಾಲಿನಲ್ಲಿ ಎತ್ತಲಿಲ್ಲ. 'ಇದು ಕಾನೂನಿಗೆ ವಿರುದ್ಧ' ಎಂದು ಒಳಗೆ ಕುಳಿತವನು ಧೈರ್ಯವಾಗಿ ಬರೆದಿಡುವಂತಾಗಬೇಕು. ಆ ಬರಹದಿಂದ ಷೇರುದಾರನೂ ಕಾರ್ಮಿಕನೂ ಉಳಿದಾರು. ಬರೆಯದ ಮಾತಿನಿಂದ ಯಾರೂ ಉಳಿಯರು.

ಗೌಪ್ಯ ಕೊಟ್ಟರೆ ಕಂಪನಿಗಳು ಎಲ್ಲ ಪಾಪವನ್ನೂ ಅದರಡಿ ಮುಚ್ಚಿಡುವವೆಂಬ ಭಯವೂ ಬೇಡ. ಅಕ್ರಮ ಉದ್ದೇಶವನ್ನು ಮುಂದುವರಿಸಲು ಆಡಿದ ಮಾತಿಗೆ ವಕೀಲಿಯ ರಕ್ಷಣೆಯಿಲ್ಲವೆಂದು ೧೩೨ನೆಯ ಕಲಮೇ ಹೇಳುತ್ತದೆ. ರಕ್ಷಣೆ ಕಾನೂನು ಸಲಹೆಗಷ್ಟೇ ಇರಲಿ, ವ್ಯಾಪಾರದ ಸಲಹೆಗೆ ಬೇಡ.

೨೦೨೫ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ವಕೀಲರ ಕಾಯಿದೆ ತಿದ್ದುಪಡಿಯ ಕರಡು, ಕಂಪನಿಗಳಲ್ಲಿ ಕಾನೂನು ಕೆಲಸ ಮಾಡುವವರನ್ನೂ 'ಕಾನೂನು ವೃತ್ತಿಗಾರ'ರ ವ್ಯಾಖ್ಯೆಯೊಳಗೆ ತಂದಿತ್ತು. ಅದೇ ಕರಡಿನಲ್ಲಿ ಮುಷ್ಕರ ನಿಷೇಧದಂಥ ಕಲಮುಗಳೂ ಇದ್ದುದರಿಂದ ವಕೀಲರು ಬೀದಿಗಿಳಿದರು. ಸರ್ಕಾರ ಅದೇ ತಿಂಗಳು ಹಿಂದೆ ಸರಿಯಿತು. ಮುಷ್ಕರದ ಹಕ್ಕಿಗಾಗಿ ಹೋರಾಡಿದವರನ್ನು ನಾನು ದೂರುವುದಿಲ್ಲ. ಆದರೆ ಜೊಳ್ಳು ತೂರುವಾಗ ಕಾಳನ್ನೂ ತೂರಿಬಿಟ್ಟರೆ ರಾಶಿಯಲ್ಲಿ ಉಳಿಯುವುದೇನು?

ಆದ್ದರಿಂದ ನನ್ನ ಬೇಡಿಕೆ ಸರಳ. ನೌಕರಿಯಲ್ಲಿರುವ ವಕೀಲರಿಗೆ ಪ್ರತ್ಯೇಕ ಪಟ್ಟಿಯಿರಲಿ. ಅವರಿಗೂ ಶಿಸ್ತಿನ ಸಂಹಿತೆಯಿರಲಿ. ಅವರ ಕಾನೂನು ಸಲಹೆಗೆ ಮಿತವಾದ ಗೌಪ್ಯವಿರಲಿ. ನ್ಯಾಯಾಲಯದಲ್ಲಿ ವಾದಿಸುವ ಹಕ್ಕನ್ನು ಅವರು ಕೇಳುತ್ತಿಲ್ಲ, ಕೊಡಬೇಕಾಗಿಯೂ ಇಲ್ಲ. ದೊಡ್ಡ ವಕೀಲಿ ಸಂಸ್ಥೆಗಳಿಗೆ ಸಹಯೋಗದ ಮಾತಿನಲ್ಲಿ ನಿಜವಾದ ನಂಬಿಕೆಯಿದ್ದರೆ, ಈ ಬೇಡಿಕೆಗೆ ಮೊದಲ ಸಹಿ ಅವುಗಳದೇ ಆಗಬೇಕು. ತಮ್ಮ ಮುದ್ರೆಯ ವ್ಯಾಪಾರಕ್ಕೆ ನಷ್ಟವೆಂದು ಅವು ಸುಮ್ಮನಿದ್ದರೆ, ನಾವೀನ್ಯದ ಹೆಸರನ್ನು ಎತ್ತುವುದನ್ನಾದರೂ ನಿಲ್ಲಿಸಲಿ.