ದಾಕ್ಷಿಣ್ಯವೂ ನ್ಯಾಯವೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮನೆ ಕಟ್ಟುವವನ ಕಷ್ಟವನ್ನು ಈ ಗಾದೆ ಚೆನ್ನಾಗಿ ಬಲ್ಲದು. ಪಕ್ಕದ ಮನೆಯವನ ಕಷ್ಟದ ಮಾತನ್ನು ಮಾತ್ರ ಅದು ಎತ್ತುವುದಿಲ್ಲ. ಗೋಡೆ ಮೇಲೆದ್ದಾಗ ಅದರ ನೆರಳು ಕಟ್ಟಿಸಿದವನ ಅಂಗಳದಲ್ಲಿಯೇ ಬೀಳಬೇಕೆಂಬ ಕಟ್ಟಳೆಗೆ ಸೂರ್ಯನು ಒಪ್ಪಿಲ್ಲ. ಆಧುನಿಕ ನಗರಗಳ ಕಟ್ಟಡ ನಿಯಮಗಳು ಬಹುಮಟ್ಟಿಗೆ ಈ ನೆರಳಿನ ಜಗಳದಿಂದಲೇ ಹುಟ್ಟಿದವು ಎಂದರೆ ತಪ್ಪಾಗಲಾರದು.

ನ್ಯೂಯಾರ್ಕ್ ನಗರದ ಬ್ರಾಡ್‌ವೇ ಬೀದಿಯಲ್ಲಿ 1915ರಲ್ಲಿ ಈಕ್ವಿಟಬಲ್ ಎಂಬ ಕಟ್ಟಡವೊಂದು ಪೂರ್ಣಗೊಂಡಿತು. ಸುಮಾರು 40 ಅಂತಸ್ತುಗಳ ಆ ಕಟ್ಟಡವು ಎಲ್ಲಿಯೂ ಹಿಂದಕ್ಕೆ ಸರಿಯದೆ, ಕಾಲುದಾರಿಯ ಅಂಚಿನಿಂದಲೇ ನೆಟ್ಟಗೆ ಆಕಾಶಕ್ಕೇರಿತು. ಸುತ್ತಲಿನ ಕಟ್ಟಡಗಳ ಬೆಳಕು ಹೋಯಿತು. ಮರುವರ್ಷ, 1916ರಲ್ಲಿ, ಆ ನಗರವು ತನ್ನ ಭೂಮಿಯನ್ನೆಲ್ಲ ವಲಯಗಳಾಗಿ ವಿಂಗಡಿಸಿ, ಎಲ್ಲಿ ವಾಸದ ಮನೆ, ಎಲ್ಲಿ ಅಂಗಡಿ, ಎಷ್ಟು ಎತ್ತರ, ಎಷ್ಟು ತೆರವು ಜಾಗ ಎಂಬುದನ್ನು ಗೊತ್ತುಪಡಿಸಿತು. ಇದಕ್ಕೆ ಈ ಕಟ್ಟಡವೊಂದೇ ಕಾರಣವಲ್ಲ. ಆದರೆ ಜನರ ಕಣ್ಣಿಗೆ ಕಾಣುವಂತೆ ನಿಂತ ಕಾರಣ ಅದೇ. 1926ರಲ್ಲಿ ಒಹಾಯೊ ರಾಜ್ಯದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಇಂಥ ವಿಂಗಡಣೆ ಸಂವಿಧಾನಸಮ್ಮತವೆಂದು ತೀರ್ಪಿತ್ತಿತು. ಆ ಮೇಲೆ ಈ ಪದ್ಧತಿ ಆ ದೇಶದ ಊರೂರಿಗೂ ಹಬ್ಬಿತು.

ಆದರೆ ನಿಯಮವೆಂಬುದು ಸರಾಸರಿಗಾಗಿ ಬರೆದದ್ದು. ಭೂಮಿಯಾದರೋ ಎಲ್ಲಿಯೂ ಸರಾಸರಿಯಾಗಿರುವುದಿಲ್ಲ. ಒಂದು ನಿವೇಶನ ಮೂರು ಮೂಲೆಯದು, ಇನ್ನೊಂದರ ಹಿತ್ತಿಲಲ್ಲಿ ಬಂಡೆ, ಮತ್ತೊಂದು ಹಳ್ಳಕ್ಕೆ ಜಾರಿದ್ದು. ಇಂಥಲ್ಲಿ ನಿಯಮದ ಅಕ್ಷರವನ್ನೇ ಹಿಡಿದರೆ ಒಡೆಯನಿಗೆ ಉಳಿಯುವುದು ಕಂದಾಯ ಕಟ್ಟುವ ಹಕ್ಕೊಂದೇ. ಇದನ್ನರಿತ ಶಾಸನಕಾರರು ಮೊದಲಿನಿಂದಲೂ ಗೋಡೆಯಲ್ಲಿ ಒಂದು ಕಿರುಬಾಗಿಲನ್ನಿರಿಸಿದರು. ಅದೇ ವಲಯ ನಿಯಮಗಳ ಮೇಲ್ಮನವಿ ಮಂಡಳಿ. ನಿಯಮದ ಆಶಯಕ್ಕೆ ಕುಂದು ಬಾರದಂತೆ, ವಿಶೇಷ ಸಂದರ್ಭದಲ್ಲಿ, ಅಕ್ಷರವನ್ನು ಸಡಿಲಿಸುವ ಅಧಿಕಾರ ಅದರದು. ಶಾಸನವು ತನ್ನ ದೃಷ್ಟಿ ಎಲ್ಲವನ್ನೂ ಮುಟ್ಟಲಾರದೆಂದು ತಾನೇ ಒಪ್ಪಿಕೊಳ್ಳುವ ಈ ವಿನಯ ಮೆಚ್ಚತಕ್ಕದ್ದು. ಆದರೆ ಆ ಕಿರುಬಾಗಿಲನ್ನು ಕಾಯುವವರು ಯಾರು, ಹೇಗೆ ಕಾಯುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ನ್ಯೂಯಾರ್ಕ್ ರಾಜ್ಯದ ಸಣ್ಣ ಊರುಗಳ ಕ್ರಮವನ್ನೇ ನೋಡೋಣ. ಮಂಡಳಿಯಲ್ಲಿ ಮೂವರು ಅಥವಾ ಐವರು. ಊರಿನ ಚುನಾಯಿತ ಸಭೆಯಿಂದ ನೇಮಕಗೊಂಡವರು. ಕಟ್ಟಡದ ಅಧಿಕಾರಿಯಿಂದ ಪರವಾನಗಿ ದೊರೆಯದ ಮನೆಯೊಡೆಯನು ಅವರ ಮುಂದೆ ಅರ್ಜಿ ಇಡುತ್ತಾನೆ. ವಿಚಾರಣೆಗೆ ಕಡೆಯ ಪಕ್ಷ ಐದು ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆಯಾಗಬೇಕು. ವಿಚಾರಣೆ ಬಹಿರಂಗವಾಗಿ ನಡೆಯಬೇಕು. ನೆರೆಯವರು ಬಂದು ಮಾತನಾಡಬಹುದು. ಮುಗಿದ 62 ದಿನಗಳೊಳಗೆ ತೀರ್ಮಾನವಾಗಬೇಕು. ಅನಂತರವೂ ಅಸಮಾಧಾನವಿದ್ದವರಿಗೆ ನ್ಯಾಯಾಲಯದ ದಾರಿ ಉಂಟು. ಅದಕ್ಕೆ 30 ದಿನಗಳ ಅವಧಿ.

ಅಳತೆಯ ವಿನಾಯಿತಿಗೆ, ಎಂದರೆ ಬಿಡಬೇಕಾದ ಜಾಗ, ಎತ್ತರ ಮುಂತಾದವುಗಳ ಸಡಿಲಿಕೆಗೆ, ಐದು ಪ್ರಶ್ನೆಗಳನ್ನು ಅಲ್ಲಿಯ ಶಾಸನವು 1992ರಿಂದ ವಿಧಿಸಿದೆ. ಇದರಿಂದ ನೆರೆಹೊರೆಯ ಸ್ವರೂಪ ಕೆಡುವುದೇ? ಕೋರಿದ ಪ್ರಯೋಜನವನ್ನು ಬೇರೆ ದಾರಿಯಿಂದ ಪಡೆಯಬಹುದೇ? ಕೋರಿದ ಸಡಿಲಿಕೆ ದೊಡ್ಡದೇ? ಪರಿಸರಕ್ಕೆ ಹಾನಿಯುಂಟೇ? ತೊಂದರೆಯನ್ನು ಅರ್ಜಿದಾರನು ತಾನೇ ತಂದುಕೊಂಡನೇ? ಇವನ್ನೆಲ್ಲ ಕೇಳಿ, ಅರ್ಜಿದಾರನಿಗಾಗುವ ಲಾಭವನ್ನು ನೆರೆಯವರಿಗಾಗುವ ನಷ್ಟದೊಡನೆ ತೂಗಿ ನೋಡಬೇಕು. ಕೊಡುವುದಾದರೂ ಅಗತ್ಯಕ್ಕೆ ಸಾಲುವಷ್ಟು ಕನಿಷ್ಠವನ್ನು ಮಾತ್ರ ಕೊಡಬೇಕು. ವಾಸದ ವಲಯದಲ್ಲಿ ಅಂಗಡಿಯಿಡುತ್ತೇನೆಂಬಂಥ ಬೇಡಿಕೆಗೆ ಪರೀಕ್ಷೆ ಇನ್ನೂ ಬಿಗಿಯಾದದ್ದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮೆಟ್ಟಿಲು ಹತ್ತಲಾರದ ಮುದಿತಾಯಿಗಾಗಿ ಒಬ್ಬನು ಕೆಳಗಡೆ ಕೋಣೆಯೊಂದನ್ನು ಸೇರಿಸಬೇಕೆಂದಿದ್ದಾನೆ. ಪಕ್ಕದಲ್ಲಿ 10 ಅಡಿ ಬಿಡಬೇಕಾದಲ್ಲಿ 4 ಅಡಿ ಮಾತ್ರ ಉಳಿಯುತ್ತದೆ. ಆಚೆಯ ಮನೆಯ ಅಡಿಗೆಮನೆಗೆ ಬೆಳಕು ಬರುವುದು ಆ ಕಡೆಯಿಂದಲೇ. ಯಾರ ಮನಸ್ಸು ತಾನೇ ಆ ತಾಯಿಗೆ ಕರಗದು? ಮಂಡಳಿ ಮಾತ್ರ ಕೇಳುತ್ತದೆ: ಹಿತ್ತಿಲ ಕಡೆ ಏಕೆ ಕಟ್ಟಬಾರದು? ಅಲ್ಲಿ ಬಂಡೆಯಿದ್ದರೆ ತಕ್ಕಡಿ ಒಂದು ಕಡೆಗೆ ವಾಲುತ್ತದೆ. ಹುಲ್ಲು ಬೆಳೆದ ಸಮತಲವಿದ್ದರೆ ಇನ್ನೊಂದು ಕಡೆಗೆ. ತಾಯಿಯ ದೌರ್ಬಲ್ಯ ಎರಡು ಸಂದರ್ಭಗಳಲ್ಲಿಯೂ ಒಂದೇ. ತೀರ್ಮಾನ ಮಾತ್ರ ಬೇರೆ. ಇದು ಕಠಿಣವೆಂದು ತೋರುವುದು ಸಹಜ.

ಆದರೂ ಇದೇ ಸರಿಯೆಂದು ನನ್ನ ಅಭಿಪ್ರಾಯ. ವಿನಾಯಿತಿ ಅಂಟಿಕೊಳ್ಳುವುದು ನೆಲಕ್ಕೆ, ಮನುಷ್ಯನಿಗಲ್ಲ. ತಾಯಿ ಒಂದು ದಿನ ಇಲ್ಲವಾಗುತ್ತಾಳೆ. ಮಗ ಮನೆ ಮಾರಿ ಬೇರೆ ಊರಿಗೆ ಹೋಗುತ್ತಾನೆ. ಗೋಡೆ ಮಾತ್ರ ಅಲ್ಲಿಯೇ ನಿಲ್ಲುತ್ತದೆ, ಪಕ್ಕದ ಅಡಿಗೆಮನೆ ಕತ್ತಲಲ್ಲಿಯೇ ಉಳಿಯುತ್ತದೆ. ದಾಕ್ಷಿಣ್ಯವು ಎದುರಿಗೆ ನಿಂತ ಮುಖವನ್ನು ನೋಡುತ್ತದೆ. ನ್ಯಾಯವು ಆ ಮುಖಗಳೆಲ್ಲ ಹೋದ ಮೇಲೆ ಉಳಿಯುವುದನ್ನೂ ನೋಡಬೇಕಾಗುತ್ತದೆ. ಹಾಗೆಂದು ಕರುಣೆಗೆ ಅಲ್ಲಿ ಸ್ಥಳವಿಲ್ಲವೆಂದಲ್ಲ. ತಾಯಿಯ ಅಗತ್ಯವೂ ತೂಕಕ್ಕೆ ಬರುತ್ತದೆ. 6 ಅಡಿಯ ಬದಲು 3 ಅಡಿ ಸಾಲದೇ, ಮಾಡನ್ನು ತಗ್ಗಿಸಬಾರದೇ ಎಂದು ಹುಡುಕುವುದೂ ಕರುಣೆಯೇ. ಎರಡು ಮನೆಗಳನ್ನು ಒಟ್ಟಿಗೆ ನೋಡುವ ಕರುಣೆ.

ಇಷ್ಟು ಹೇಳಿ ಅಮೆರಿಕದವರು ಇದನ್ನೆಲ್ಲ ನಿಷ್ಠೆಯಿಂದ ನಡೆಸಿಕೊಂಡು ಬಂದಿದ್ದಾರೆಂದು ಸಾರಿದರೆ ಸುಳ್ಳಾದೀತು. ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ನಗರದ ಮಂಡಳಿಯ ಕೆಲಸವನ್ನು ಪರಿಶೀಲಿಸಿ ಡ್ಯೂಕ್‌ಮಿನಿಯರ್ ಮತ್ತು ಸ್ಟೇಪಲ್ಟನ್ ಎಂಬ ಇಬ್ಬರು 1962ರಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಅದರ ತಲೆಬರಹದಲ್ಲಿಯೇ ದುರಾಡಳಿತವೆಂಬ ಮಾತಿದೆ. ಶಾಸನ ವಿಧಿಸಿದ ಪರೀಕ್ಷೆಯನ್ನು ಬದಿಗಿಟ್ಟು ವಿನಾಯಿತಿ ಹಂಚುವುದು ಅಲ್ಲಿಯೂ ನಡೆದಿತ್ತು. ದಾಕ್ಷಿಣ್ಯ ಯಾವ ಒಂದು ದೇಶದ ಸೊತ್ತೂ ಅಲ್ಲ.

ಇದಕ್ಕಿಂತ ಆಳವಾದ ಆಕ್ಷೇಪಣೆಯೊಂದುಂಟು. ನೆರೆಹೊರೆಯ ಸ್ವರೂಪ ಎಂಬ ಮಾತು ಕೇಳಲು ಸೌಮ್ಯವಾದದ್ದು. ಅದರ ಹಿಂದೆ ಅಡಗಿದ್ದು ಎಷ್ಟೋ ಸಲ ಸೌಮ್ಯವಲ್ಲ. ಕೆಂಟಕಿಯದೇ ಆದ ಲೂಯಿವಿಲ್ ನಗರವು ಕರಿಯರು ಯಾವ ಬೀದಿಯಲ್ಲಿ ವಾಸಿಸಬಹುದು, ಬಿಳಿಯರು ಯಾವ ಬೀದಿಯಲ್ಲಿ ಎಂಬುದನ್ನು ಕಟ್ಟಳೆಯಿಂದಲೇ ಗೊತ್ತುಪಡಿಸಿತ್ತು. ಸರ್ವೋಚ್ಚ ನ್ಯಾಯಾಲಯವು 1917ರಲ್ಲಿ ಅದನ್ನು ರದ್ದು ಮಾಡಿತು. ಆ ಬಳಿಕ ಜಾತಿವರ್ಣಗಳ ಹೆಸರೆತ್ತದೆ, ನಿವೇಶನ ಇಷ್ಟು ದೊಡ್ಡದಿರಬೇಕು, ಒಂದು ಕುಟುಂಬದ ಮನೆಯೇ ಆಗಬೇಕು ಎಂಬ ಅಳತೆಗಳಿಂದಲೇ ಬಡವರನ್ನು ದೂರವಿಟ್ಟ ಊರುಗಳು ಹಲವು. ಆದ್ದರಿಂದ ನೆರೆಯವರ ಕೂಗೆಲ್ಲವೂ ನ್ಯಾಯದ ಕೂಗಲ್ಲ. ಆಧಾರವಿಲ್ಲದ ಬರಿಯ ವಿರೋಧಕ್ಕೆ ಮಣಿದು ಅರ್ಜಿಯನ್ನು ತಳ್ಳಿಹಾಕುವುದು ಸಲ್ಲದೆಂದು ನ್ಯೂಯಾರ್ಕಿನ ನ್ಯಾಯಾಲಯಗಳು ಹೇಳುತ್ತ ಬಂದಿರುವುದು ಇದಕ್ಕಾಗಿಯೇ. ಮಂಡಳಿಯು ನೆರೆಯವನ ಮಾತನ್ನು ಕೇಳಬೇಕು. ಅವನ ಹಿಂದೆ ಎತ್ತಿದ ಕೈಗಳನ್ನು ಎಣಿಸಬಾರದು. ಬೆಳಕು ಹೋಗುವುದೆಂಬುದು ಕಾರಣ. ಅಂಥವರು ಬರಕೂಡದೆಂಬುದು ಕಾರಣವಲ್ಲ.

ಈಗ ನಮ್ಮ ಮನೆಯ ಕಡೆ ತಿರುಗೋಣ. ನಮ್ಮಲ್ಲಿಯೂ ಮನೆಯ ಸುತ್ತ ಜಾಗ ಬಿಡಬೇಕೆಂಬ ನಿಯಮಗಳಿವೆ. ಅವು ಮೀರಿಹೋದ ಮೇಲೆ ಏನು ಮಾಡಬೇಕೆಂಬ ಚರ್ಚೆಯೇ ನಮ್ಮಲ್ಲಿ ದೊಡ್ಡದು. ಕರ್ನಾಟಕದ ಶಾಸನಕ್ಕೆ 2007ರಲ್ಲಿ ತಿದ್ದುಪಡಿಯಾಯಿತು. 2014ರಲ್ಲಿ ಅಕ್ರಮ-ಸಕ್ರಮದ ನಿಯಮಗಳು ಬಂದವು. ವಾಸದ ಕಟ್ಟಡದಲ್ಲಿ ಉಲ್ಲಂಘನೆ ಶೇ. 50ರವರೆಗೆ, ಇತರ ಕಟ್ಟಡಗಳಲ್ಲಿ ಶೇ. 25ರವರೆಗೆ ಇದ್ದರೆ ಶುಲ್ಕ ಕಟ್ಟಿ ಸಕ್ರಮ ಮಾಡಿಸಿಕೊಳ್ಳಬಹುದೆಂಬುದು ಅದರ ಸಾರ. ಉಚ್ಚ ನ್ಯಾಯಾಲಯವು 2016ರ ಡಿಸೆಂಬರಿನಲ್ಲಿ ಅದನ್ನು ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆ ನೀಡಿತು.

ಈ ಯೋಜನೆಯ ಹಿಂದೆ ಕರುಣೆಯಿತ್ತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಜೀವಮಾನದ ಉಳಿತಾಯವನ್ನೆಲ್ಲ ಸುರಿದು, ಕಟ್ಟಿಸಿದವನ ಮಾತನ್ನು ನಂಬಿ ಮನೆ ಕೊಂಡ ಕುಟುಂಬವನ್ನು ಬೀದಿಗೆ ತಳ್ಳಿರೆಂದು ಯಾವ ಸಹೃದಯನೂ ಹೇಳಲಾರನು. ಆದರೆ ಎರಡು ಪದ್ಧತಿಗಳ ಭೇದ ಇಲ್ಲಿಯೇ ಇದೆ. ಒಂದರಲ್ಲಿ ಪ್ರಶ್ನೆ ಅಡಿಗಲ್ಲಿಗಿಂತ ಮೊದಲು. ಇನ್ನೊಂದರಲ್ಲಿ ಗೃಹಪ್ರವೇಶವಾಗಿ ಎಷ್ಟೋ ವರ್ಷಗಳ ಮೇಲೆ. ಒಂದರಲ್ಲಿ ಅಳೆಯುವುದು ಕಾರಣವನ್ನು. ಇನ್ನೊಂದರಲ್ಲಿ ಶೇಕಡಾ ಲೆಕ್ಕವನ್ನು ಮತ್ತು ಶುಲ್ಕವನ್ನು. ಕಟ್ಟುವ ಮೊದಲು ಕರುಣೆಗೆ ಹತ್ತು ದಾರಿಗಳುಂಟು. ಕಟ್ಟಿದ ಮೇಲೆ ಒಡೆಯುವುದು ಅಥವಾ ಕಣ್ಣು ಮುಚ್ಚುವುದು, ಎರಡೇ. ಆಗ ನಿಯಮ ಪಾಲಿಸಿ ಜಾಗ ಬಿಟ್ಟವನು ಮೂಢನಾಗಿ ಕಾಣುತ್ತಾನೆ. ಅವನು ತನ್ನ ಮೂಢತನವನ್ನು ಅರಿತುಕೊಂಡ ದಿನ ಇನ್ನೊಂದು ಗೋಡೆ ಮುಂದಕ್ಕೆ ಬರುತ್ತದೆ.

ಅಮೆರಿಕದ ಮಂಡಳಿಯನ್ನು ಹಾಗೆಯೇ ತಂದು ಇಲ್ಲಿ ನೆಡಬೇಕೆಂದು ನಾನು ಹೇಳುತ್ತಿಲ್ಲ. ಆ ಗಿಡದಲ್ಲಿಯೂ ಹುಳುವಿದೆಯೆಂದು ಕಂಡೆವಷ್ಟೆ. ತಂದುಕೊಳ್ಳತಕ್ಕದ್ದು ಅದರ ಮೂರು ಶೀಲಗಳನ್ನು: ಮೊದಲೇ ಕೇಳುವುದು, ಎಲ್ಲರೆದುರು ಕೇಳುವುದು, ಕಾರಣ ಹೇಳಿ ಕೊಡುವುದು ಅಥವಾ ನಿರಾಕರಿಸುವುದು. ನಮ್ಮ ಬಡಾವಣೆಗಳ ಇಕ್ಕಟ್ಟಾದ ನಿವೇಶನಗಳಲ್ಲಿ ಸಡಿಲಿಕೆಗೆ ಅರ್ಹವಾದವು ಎಷ್ಟೋ ಇರಬಹುದು. ಅವುಗಳ ಒಡೆಯರು ಕಳ್ಳರಂತೆ ಕಟ್ಟಿ ಅಪರಾಧಿಗಳಂತೆ ಕಾಯುವುದಕ್ಕಿಂತ, ನಾಗರಿಕರಂತೆ ಬಂದು ಕೇಳುವಂತಾದರೆ ಅವರ ಮಾನವೂ ಉಳಿದೀತು. ಪಕ್ಕದ ಅಡಿಗೆಮನೆಯ ಬೆಳಕೂ ಉಳಿದೀತು.