ವೇಗದ ಮರುಳು
"ಬೇಗ ಹೋಪ್ ತೋಟೆಯೇ ಒಳ್ಳೇದಲ್ದಾ ಮಾವ?" ಎನ್ನುತ್ತಾನೆ ಅಳಿಯ. ಕೊಡಗಿನ ಕೈಲು ಮುಹೂರ್ತದ ಸ್ಪರ್ಧೆಯಲ್ಲಿ ತೆಂಗಿನಕಾಯಿ ತಪ್ಪಿಸಿಕೊಂಡು ನಾವುಂದಕ್ಕೆ ಮರಳಿದವನು ತನ್ನ ಕೈಯನ್ನೇ ಶಪಿಸುತ್ತಿದ್ದ. ಕೈಯದಲ್ಲ ಮಾರಾಯ, ತೋಟೆಯ ತಪ್ಪು! ಪಾಯಿಂಟ್ 22 ರೈಫಲಿನ ಗುಂಡು ಎರಡೂವರೆ ಗ್ರಾಮಿನಷ್ಟು. ಅದನ್ನು ಶಬ್ದಕ್ಕಿಂತ ವೇಗವಾಗಿ ಅಟ್ಟಿದರೆ ಗಾಳಿಯ ತಡೆ ಒಮ್ಮೆಲೇ ಏರಿ, ವೇಗ ಸೋರಿಹೋಗುತ್ತದೆ. ಅಡ್ಡಗಾಳಿ ಗುಂಡನ್ನು ಸರಿಸುವುದು ಆ ಸೋರಿಕೆಯ ಲೆಕ್ಕದಲ್ಲಿ. ಹಾಗಾಗಿ ಸೆಕೆಂಡಿಗೆ 380 ಮೀಟರಿನದಕ್ಕಿಂತ 320ರ ಗುಂಡೇ ಕಡಿಮೆ ಸರಿಯುತ್ತದೆ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದರಲ್ಲ, ಆ 50 ಮೀಟರ್ ವಿಭಾಗದಲ್ಲಿ ಲೋಕದ ಗುರಿಕಾರರು ನಂಬುವುದು ಈ ನಿಧಾನದ್ದನ್ನೇ. ನಮಗೋ, ಹೆದ್ದಾರಿಯಲ್ಲೂ ವೇಗ, ಕೋವಿಯಲ್ಲೂ ವೇಗ. ಅಳಿಯ ನಿನ್ನೆ ಮತ್ತೆರಡು ಪೆಟ್ಟಿಗೆ 'ಹೈ ವೆಲಾಸಿಟಿ' ತಂದಿದ್ದಾನೆ.